ಪ್ರಾಂತೀಯ ಸರ್ಕಾರದ ಬಜೆಟ್‌ನಿಂದ ಪ್ರದೇಶದ ಏಳಿಗೆಯನ್ನು ಅಂದಾಜಿಸುವ ಬಗೆ

ಬಜೆಟ್ ಭಾಷಣದ ಘೋಷಣೆಗಳನ್ನು ಬದಿಗಿಟ್ಟು ಮೊದಲು ರಾಜಸ್ವ ಖಾತೆಯನ್ನು, ಅಂದರೆ ತೆರಿಗೆಯಂಥ ನಿತ್ಯದ ಆದಾಯ ಮತ್ತು ನಿತ್ಯದ ವೆಚ್ಚಗಳ ಲೆಕ್ಕವನ್ನು, ನೋಡಿ; ಸಂಬಳ, ಪಿಂಚಣಿ, ಬಡ್ಡಿಗಳಂಥ ದೈನಂದಿನ ವೆಚ್ಚಕ್ಕೇ ಸಾಲ ಎತ್ತುವ ಸರ್ಕಾರದ ಬಳಿ ರಸ್ತೆ, ನೀರಾವರಿ, ವಿದ್ಯುತ್ ಜಾಲಗಳಿಗೆ ಉಳಿಯುವುದು ಅಲ್ಪ. ಬಳಿಕ ಆದಾಯದ ಪ್ರತಿ 100ರಲ್ಲಿ ಬಡ್ಡಿಗೆ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ, ಕನಿಷ್ಠ 5 ವರ್ಷಗಳ ಅಂಕಿಗಳನ್ನು ಹೋಲಿಸಿ. ರಸ್ತೆ, ಸೇತುವೆಗಳಂಥ ಆಸ್ತಿಗಳನ್ನು ಕಟ್ಟುವ ಬಂಡವಾಳ ವೆಚ್ಚದ ವಿಷಯದಲ್ಲಿ ಬಜೆಟ್‌ನ ಅಂದಾಜನ್ನು ನಂಬದೆ ನೈಜ ಲೆಕ್ಕವನ್ನೇ ಹುಡುಕಬೇಕು, ಏಕೆಂದರೆ ಹಣ ಸಾಲದಾದಾಗ ಸಾಮಾನ್ಯವಾಗಿ ಮೊದಲು ಕತ್ತರಿ ಬೀಳುವುದು ಇದಕ್ಕೇ (ಸಂಬಳ ತಡೆದರೆ ಗದ್ದಲವಾಗುತ್ತದೆ, ಕಟ್ಟದ ಸೇತುವೆ ದೂರು ಕೊಡುವುದಿಲ್ಲ). ಸ್ವಂತ ತೆರಿಗೆ ಮತ್ತು ಕೇಂದ್ರದ ಅನುದಾನಗಳ ಪ್ರಮಾಣವನ್ನೂ ಗಮನಿಸಿ. ಸರ್ಕಾರಿ ನಿಗಮಗಳ ಸಾಲಕ್ಕೆ ಕೊಟ್ಟ ಖಾತರಿಗಳು (ನಿಗಮ ತೀರಿಸದಿದ್ದರೆ ಸರ್ಕಾರವೇ ತೀರಿಸುವ ಭರವಸೆ) ಹಲವು ಬಾರಿ ಅನುಬಂಧದಲ್ಲಿ ಅಡಗಿರುತ್ತವೆ. ಅವನ್ನು ಪರಿಗಣಿಸದೆ ಸಾಲದ ಭಾರವನ್ನು ಅಳೆಯಬೇಡಿ.