ಸಿರಿಸ್‌ನ ಬೆಟ್ಟ ಜಾಗ ಬಿಟ್ಟಿದ್ದೇಕೆ? ನನ್ನ ಅನುಭವ

"ಲೆನ್ಸ್ ದೋಷ ಕಣಯ್ಯಾ, ಬಿಟ್ಟಾಕು" ಎಂದೇ ಮೈಸೂರಿನ ಗೆಳೆಯರೆಲ್ಲ ಹೇಳುತ್ತಿದ್ದರು. ಸಿರಿಸ್ ಎಂದರೆ ಮಂಗಳ, ಗುರು ಗ್ರಹಗಳ ನಡುವೆ ಸುತ್ತುವ ಕುಬ್ಜ ಗ್ರಹ. ಅದನ್ನು ನಾಸಾದ ಡಾನ್ ನೌಕೆ 2015ರಲ್ಲಿ ಸುಮಾರು 1,470 ಕಿ.ಮೀ. ಎತ್ತರದಿಂದ ತೆಗೆದ ಎರಡು ಚಿತ್ರಗಳನ್ನು ಗ್ರಹಗಳ ಚಿತ್ರಕ್ಕೆಂದೇ ಇರುವ ಐಸಿಸ್ ತಂತ್ರಾಂಶದಲ್ಲಿ ನಕ್ಷೆಗೆ ಕೂರಿಸಿದ್ದೆ. ಒಂದರ ಮೇಲೊಂದು ಇಟ್ಟರೆ ಬಯಲು ಸರಿಯಾಗಿ ಕೂರುತ್ತಿತ್ತು. ಅಹುನಾ ಮಾನ್ಸ್ ಬೆಟ್ಟದ ತುದಿ ಮಾತ್ರ ಹತ್ತು ಪಿಕ್ಸೆಲ್ ಆಚೆ ಹೋಗುತ್ತಿತ್ತು.

ಲೆನ್ಸ್ ದೋಷವಾದರೆ ಮೂಲೆಗಳಲ್ಲಿ ಜಾಸ್ತಿ ಕಾಣಬೇಕು, ಅಲ್ವಾ? ಆದರೂ ಅವರ ಸಮಾಧಾನಕ್ಕೆ ಲೆನ್ಸ್ ಅಂಕಿ ಬದಲಿಸಿ ನೋಡಿದೆ. ಬೆಟ್ಟ ಕೂತರೆ ಬಯಲು ಏಳುತ್ತಿತ್ತು. ಚಪ್ಪಟೆ ಸಿರಿಸ್‌ಗೆ ಪೂರ್ತಿ ಗೋಳದ ಲೆಕ್ಕ ಹಿಡಿದಿರಬೇಕು ಎಂದರು ಇನ್ನೊಬ್ಬರು. ಸಿರಿಸ್‌ನ ತ್ರಿಜ್ಯ ಸಮಭಾಜಕದಲ್ಲಿ 482 ಕಿ.ಮೀ., ಧ್ರುವದಲ್ಲಿ 446. ಹೀಗಾಗಿ ಅಕ್ಷಾಂಶವನ್ನು ಕೇಂದ್ರದಿಂದ ಅಳೆದರೆ ಒಂದು, ಮೇಲ್ಮೈಯ ಲಂಬದಿಂದ ಅಳೆದರೆ ಇನ್ನೊಂದು. ಇವೆರಡು ಬೆರೆತರೆ ಅಲ್ಲಿನ ಆಕೇಟರ್ ಎಂಬ ಕುಳಿ ಇಡಿಯಾಗಿ 25 ಕಿ.ಮೀ. ಸರಿಯುತ್ತದೆ. ನನ್ನದು ಒಂದೂವರೆ ಕಿ.ಮೀ. ತಕರಾರು, ಅದೂ ಒಂದೇ ಬೆಟ್ಟದ್ದು.

ಅಷ್ಟರಲ್ಲಿ ಹಾರ್ಡ್ ಡಿಸ್ಕ್ ತುಂಬಿತು. ಹೊಸದಕ್ಕೆ ಐದು ಸಾವಿರದ ಮೇಲೆ, ಹಳೇ ರ‍್ಯಾಮ್‌ಗೆ ಎರಡು ಸಾವಿರದ ಹತ್ತಿರ. ಮಂಡ್ಯದಲ್ಲಿ ಕರೆಂಟು ಹೋದಾಗೆಲ್ಲ ರಾತ್ರಿಯ ಕೆಲಸ ಮೊದಲಿಂದ ಶುರು. ಯುಪಿಎಸ್ ಖರ್ಚು ಬೇರೆ.

ಒಂದು ಸಂಜೆ ಸುಮ್ನೆ ಗ್ರಾಫ್ ಹಾಳೆಯ ಮೇಲೆ ಅಚ್ಚು ಬೆಲ್ಲ ಇಟ್ಟು, ಫೋನಿನಲ್ಲಿ ಎರಡು ಕಡೆಯಿಂದ ಇಪ್ಪತ್ತು ಡಿಗ್ರಿ ಓರೆಯಾಗಿ ಫೋಟೋ ತೆಗೆದೆ. ಬುಡ ಗೆರೆಯ ಮೇಲೇ ಇತ್ತು. ಎರಡಂಗುಲ ಎತ್ತರದ ತಲೆ ಮಾತ್ರ ಆಚೆಗೊಮ್ಮೆ ಈಚೆಗೊಮ್ಮೆ ಎರಡೆರಡು ಸೆಂಟಿಮೀಟರ್ ವಾಲಿತ್ತು. (ಬೆಲ್ಲ ಇರುವೆ ಪಾಲಾಯಿತು.) ಅಹುನಾ ಎತ್ತರ ಸುಮಾರು 4 ಕಿ.ಮೀ. ಎರಡು ಚಿತ್ರಗಳ ನಡುವಿನ ಓರೆ ಒಟ್ಟು ಇಪ್ಪತ್ತು ಡಿಗ್ರಿ ಎಂದು ಲೆಕ್ಕ ಹಾಕಿದರೆ ತುದಿ ಸರಿಯುವುದು ಸುಮಾರು ಒಂದೂವರೆ ಕಿ.ಮೀ. ಒಂದು ಪಿಕ್ಸೆಲ್ 140 ಮೀಟರ್. ಹತ್ತು ಪಿಕ್ಸೆಲ್ ಸರಿಹೋಯಿತು!

ಅಂದರೆ ತಂತ್ರಾಂಶ ಬೆಟ್ಟವನ್ನು ನುಣುಪು ಮೇಲ್ಮೈಗೆ ಚಪ್ಪಟೆಯಾಗಿ ಬಡಿದಿತ್ತು. ಸ್ಪೈಸ್‌ಇನಿಟ್ ಎಂಬ, ನೌಕೆಯ ಜಾಗ ಮತ್ತು ಮೇಲ್ಮೈಯ ಆಕಾರ ಹೇಳಿಕೊಡುವ ಹಂತದಲ್ಲೇ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿ.ಎಲ್.ಆರ್.ನವರ ಎತ್ತರದ ನಕ್ಷೆ ಕೊಟ್ಟು ಮತ್ತೆ ಓಡಿಸಿದೆ. ತುದಿ ಒಂದೆರಡು ಪಿಕ್ಸೆಲ್ ಒಳಗೆ ಬಂದು ಕೂತಿತು. ಲೆನ್ಸ್ ಎಂದವರಿಗೆ ಎರಡೂ ಚಿತ್ರ ಕಳಿಸಿದೆ, ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ. ಉಳಿದಷ್ಟನ್ನು ತೆಗೆಯಲು ಯಾವ ಸಣ್ಣ ಕುಳಿಗಳನ್ನು ಗುರುತಾಗಿ ಹಿಡಿದೆ ಎನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಬಣ್ಣದ ಚಿತ್ರಗಳ ಸರದಿ. ಒಂದೊಂದು ಫಿಲ್ಟರ್‌ನದೂ ಬೇರೆ ಬೇರೆ ಗಳಿಗೆಯ ಚಿತ್ರ, ನಡುವೆ ನೌಕೆ ಮುಂದೆ ಹೋಗಿರುತ್ತದೆ. ಕುಳಿಗಳ ಅಂಚಿನ ಕೆಂಪು-ನೀಲಿ ಗೆರೆ ಇದೇ ದಾರಿಯಲ್ಲಿ ಅರ್ಧ ಹೋಗಿದೆ. ಇನ್ನರ್ಧಕ್ಕೆ ಮತ್ತೆ ರ‍್ಯಾಮ್ ಬೇಕು. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ.