ಬ್ಯಾಕಪ್ ಅಪ್‌ಗ್ರೇಡ್ ಆದ ಮೇಲೆ 9102 ಪೋರ್ಟ್‌ನಲ್ಲಿ ಕೂತಿದ್ದವರು ಯಾರು?

ನಾನು ನೋಡಿಕೊಳ್ಳುವ ಸರ್ವರ್‌ಗಳಲ್ಲಿ ಜಾಸ್ತಿ ಪಾಲು ಹಲವರು ಸೇರಿ ಬಳಸುವಂಥವು. ಒಂದೇ ಮಷೀನಿನಲ್ಲಿ ಒಂದು ತಂಡದ ಡೇಟಾಬೇಸ್, ಇನ್ನೊಂದು ತಂಡದ ವೆಬ್‌ಸೈಟ್, ಮತ್ತೊಬ್ಬರ ಮಾನಿಟರಿಂಗ್ ಇರುತ್ತದೆ. ಬ್ಯಾಕಪ್ ಮಾತ್ರ ಎಲ್ಲರಿಗೂ ಒಂದೇ, ಬಕುಲಾ. ಈ ಮಷೀನ್‌ಗಳಲ್ಲಿರುವ ಡೆಬಿಯನ್ ಲಿನಕ್ಸ್‌ನ ಅಪ್‌ಗ್ರೇಡ್ ಜೊತೆಗೆ ಬಕುಲಾ ಕೂಡ 7.4ರಿಂದ 9.4ಕ್ಕೆ ಹೋಯಿತು. ಆ ಕೆಲಸ ಮಾಡಿದ್ದು ಬೇರೆ ತಂಡ. ಮುಗಿಸಿ "ಎಲ್ಲಾ ಸರಿಯಾಗಿದೆ" ಎಂದು ಮೇಲ್ ಕಳಿಸಿದರು. ಬೆಳಗ್ಗೆ ನೋಡಿದರೆ ಕೆಲವು ಸರ್ವರ್‌ಗಳ ಬ್ಯಾಕಪ್ ಆಗಿರಲಿಲ್ಲ. ಅದನ್ನು ಹುಡುಕಿ ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಬಕುಲಾ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಮೂರು ಭಾಗಗಳಿವೆ. ಯಾವಾಗ ಯಾವ ಬ್ಯಾಕಪ್ ಎಂದು ಹೇಳುವುದು ಡೈರೆಕ್ಟರ್, ಅದು 9101 ಪೋರ್ಟ್‌ನಲ್ಲಿರುತ್ತದೆ. ಪೋರ್ಟ್ ಅಂದರೆ ಮಷೀನಿನಲ್ಲಿ ಒಂದು ಪ್ರೋಗ್ರಾಂ ಹೊರಗಿನ ಕರೆಗೆ ಕಾದು ಕೂರುವ ಬಾಗಿಲಿನ ನಂಬರ್. ಪ್ರತಿ ಸರ್ವರ್‌ನಲ್ಲೂ ಕೂತು ಫೈಲ್ ಓದಿ ಕೊಡುವುದು ಫೈಲ್ ಡೀಮನ್ (ಡೀಮನ್ ಅಂದರೆ ಹಿನ್ನೆಲೆಯಲ್ಲಿ ಸದಾ ಓಡುವ ಪ್ರೋಗ್ರಾಂ), ಅದರದ್ದು 9102. ಡಿಸ್ಕಿಗೋ ಟೇಪಿಗೋ ಬರೆಯುವುದು ಸ್ಟೋರೇಜ್ ಡೀಮನ್, 9103. ಡೈರೆಕ್ಟರ್ ಫೈಲ್ ಡೀಮನ್‌ಗೆ ಕರೆ ಮಾಡುತ್ತದೆ. ಆಮೇಲೆ ಫೈಲ್ ಡೀಮನ್ ತಾನೇ ಹೋಗಿ ಸ್ಟೋರೇಜ್ ಡೀಮನ್‌ಗೆ ಡೇಟಾ ಕೊಡುತ್ತದೆ. ಈ ದಿಕ್ಕು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈ ಮೂರೂ ನಂಬರ್‌ಗಳು ಬಕುಲಾ ಹೆಸರಲ್ಲೇ ಅಧಿಕೃತವಾಗಿ ನೋಂದಣಿಯಾಗಿವೆ. ಆದರೆ ಪ್ರೊಮೀಥಿಯಸ್ ಮಾನಿಟರಿಂಗ್ ಬಳಸುವವರು ತಮ್ಮ ಎಕ್ಸ್‌ಪೋರ್ಟರ್‌ಗಳಿಗೆ, ಅಂದರೆ ಅಂಕಿಅಂಶ ಒದಗಿಸುವ ಸಣ್ಣ ಪ್ರೋಗ್ರಾಂಗಳಿಗೆ, 9100ರಿಂದ ಸಾಲಾಗಿ ನಂಬರ್ ಹಂಚಿಕೊಂಡಿದ್ದಾರೆ. ನೋಡ್ ಎಕ್ಸ್‌ಪೋರ್ಟರ್ 9100, ಎಚ್‌ಎ ಪ್ರಾಕ್ಸಿಯದ್ದು 9101, ಸ್ಟ್ಯಾಟ್ಸ್‌ಡಿಯದ್ದು 9102, ಕಲೆಕ್ಟ್‌ಡಿಯದ್ದು 9103. ಅಂದರೆ ಎರಡೂ ಸಾಫ್ಟ್‌ವೇರ್ ಒಂದೇ ಮಷೀನಿಗೆ ಬಂದರೆ ಡಿಕ್ಕಿ ಹೊಡೆಯುವುದು ಸಹಜ. ಇಬ್ಬರೂ ತಮ್ಮ ತಮ್ಮ ದಾಖಲೆಯಲ್ಲಿ ಇದ್ದಂತೆಯೇ ಹಾಕಿರುತ್ತಾರೆ. ಯಾರನ್ನೂ ತಪ್ಪು ಅನ್ನುವ ಹಾಗಿಲ್ಲ.

ಬ್ಯಾಕಪ್ ಆಗದ ಸರ್ವರ್‌ಗಳನ್ನು ನೋಡುತ್ತಾ ಹೋದರೆ ಅವು ಎರಡು ಗುಂಪಾಗಿದ್ದವು. ಎರಡರ ಕಾರಣವೂ ಬೇರೆ ಬೇರೆ. ಪೋರ್ಟ್ ಮಾತ್ರ ಒಂದೇ.

ಮೊದಲ ಗುಂಪಿನಲ್ಲಿ ಡೈರೆಕ್ಟರ್ ಹೇಳುತ್ತಿದ್ದದ್ದು "ಕನೆಕ್ಷನ್ ರೆಫ್ಯೂಸ್ಡ್". ಆ ಕಡೆ ಫೈಲ್ ಡೀಮನ್‌ನ ಲಾಗ್‌ನಲ್ಲಿ ಪೋರ್ಟ್ 9102 ಸಿಗುತ್ತಿಲ್ಲ, "ಅಡ್ರೆಸ್ ಆಲ್ರೆಡಿ ಇನ್ ಯೂಸ್" ಎಂದಿತ್ತು. ಇಲ್ಲಿ ಸ್ಟ್ಯಾಟ್ಸ್‌ಡಿ ಎಕ್ಸ್‌ಪೋರ್ಟರ್ ಮತ್ತು ಬಕುಲಾ ಎರಡೂ 9102ರಲ್ಲೇ ಮೊದಲಿನಿಂದ ಜಗಳವಿಲ್ಲದೆ ಇದ್ದವು. ಹೇಗೆ ಅಂದರೆ, ಎಕ್ಸ್‌ಪೋರ್ಟರ್ ಇದ್ದದ್ದು 127.0.0.1ರ, ಅಂದರೆ ಮಷೀನ್ ತನ್ನೊಳಗೇ ಮಾತಾಡಿಕೊಳ್ಳುವ ವಿಳಾಸದ 9102ರಲ್ಲಿ. ಫೈಲ್ ಡೀಮನ್ ಇದ್ದದ್ದು ಸರ್ವರ್‌ನ ಒಳ ನೆಟ್‌ವರ್ಕಿನ ವಿಳಾಸದ 9102ರಲ್ಲಿ. ಪೋರ್ಟ್ ಒಂದೇ ಆದರೂ ವಿಳಾಸ ಬೇರೆ ಇದ್ದರೆ ಲಿನಕ್ಸ್ ಬೇಡ ಅನ್ನುವುದಿಲ್ಲ. ಯಾರೋ ಹಿಂದೆ ಯೋಚನೆ ಮಾಡಿಯೇ ಹಾಗೆ ಹಾಕಿದ್ದರು. ಆದರೆ ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ.

ಡೆಬಿಯನ್ ಪ್ಯಾಕೇಜ್ ಅಪ್‌ಗ್ರೇಡ್ ಆಗುವಾಗ ಕೇಳುತ್ತದಲ್ವಾ, ನಿಮ್ಮ ಕಾನ್ಫಿಗರೇಷನ್ ಫೈಲ್ ಇಟ್ಟುಕೊಳ್ಳಲಾ, ಹೊಸದನ್ನು ಹಾಕಲಾ ಎಂದು? ಆಗ ಹೊಸದನ್ನು ಒಪ್ಪಿಕೊಂಡಿದ್ದರು. ಡೆಬಿಯನ್ ಕೊಡುವ ಫೈಲ್‌ನಲ್ಲಿ ಫೈಲ್ ಡೀಮನ್‌ನ ವಿಳಾಸ 127.0.0.1 ಎಂದೇ ಇರುತ್ತದೆ. ಹೊಸದಾಗಿ ಹಾಕಿಕೊಂಡವರ ಮಷೀನ್ ಹೊರಗಿನವರಿಗೆ ತೆರೆದಿರಬಾರದು ಎಂಬ ಕಾಳಜಿಯಿಂದ ಮಾಡಿದ್ದು, ನನಗೆ ಅದು ಸರಿ ಅನ್ನಿಸುತ್ತದೆ. ಆದರೆ ನಮ್ಮ ಸರ್ವರ್‌ನಲ್ಲಿ ಆ ವಿಳಾಸದ 9102ರಲ್ಲಿ ಆಗಲೇ ಎಕ್ಸ್‌ಪೋರ್ಟರ್ ಇತ್ತು.

ಇದನ್ನು ಸರಿಮಾಡುವುದು ಕಷ್ಟವಾಗಲಿಲ್ಲ. ಹಳೆಯ ಫೈಲನ್ನು ಪ್ಯಾಕೇಜ್ ಪಕ್ಕದಲ್ಲೇ ಬೇರೆ ಹೆಸರಲ್ಲಿ ಉಳಿಸಿತ್ತು. ಅದನ್ನೇ ವಾಪಸ್ ತಂದೆ. ಬರೀ ವಿಳಾಸದ ಸಾಲು ತಿದ್ದಿದರೆ ಸಾಲದು, ಇದನ್ನು ಒತ್ತಿ ಹೇಳುತ್ತೇನೆ. ಹೊಸ ಫೈಲ್‌ನಲ್ಲಿ ಡೈರೆಕ್ಟರ್ ಜೊತೆ ಮಾತಾಡುವ ಪಾಸ್‌ವರ್ಡ್ ಕೂಡ ಬೇರೆಯೇ ಇರುತ್ತದೆ. ಪೋರ್ಟ್ ಸರಿಹೋದ ಕೂಡಲೇ ಪಾಸ್‌ವರ್ಡ್ ತಕರಾರು ಶುರುವಾಗುತ್ತದೆ, ಆಗ ಪೋರ್ಟ್ ಸಮಸ್ಯೆಯೇ ಇನ್ನೂ ಇದೆಯೇನೋ ಎಂದು ತಲೆ ಕೆಡುತ್ತದೆ.

ಎರಡನೆಯ ಗುಂಪು ನಿಜವಾಗಿ ಕಾಡಿತು. ಅಲ್ಲಿ ಕಾನ್ಫಿಗರೇಷನ್ ಹಾಗೇ ಇತ್ತು, ಒಂದಕ್ಷರವೂ ಬದಲಾಗಿರಲಿಲ್ಲ. ಕನೆಕ್ಷನ್ ಕೂಡ ಸಿಗುತ್ತಿತ್ತು. ಆದರೆ ಡೈರೆಕ್ಟರ್ ಹೇಳುತ್ತಿದ್ದದ್ದು ಇದು: ಬಂದ ಪ್ಯಾಕೆಟ್‌ನ ಗಾತ್ರ 1213486160, ಜಾಸ್ತಿಯಾಯಿತು, ಕನೆಕ್ಷನ್ ಮುರಿಯುತ್ತಿದ್ದೇನೆ. ಅಪ್‌ಗ್ರೇಡ್ ಮಾಡಿದವರು ಇದನ್ನು ಹೊಸ ಆವೃತ್ತಿಯ ದೋಷ ಅಂದುಕೊಂಡು ಹಳೆಯ ಆವೃತ್ತಿಗೆ ಹೋಗೋಣ ಅಂದರು. ನಾನು ಒಪ್ಪಲಿಲ್ಲ. ಡೈರೆಕ್ಟರ್ ಅಪ್‌ಗ್ರೇಡ್ ಆದಾಗ, ಯಾವ ಫೈಲ್ ಎಲ್ಲಿ ಬ್ಯಾಕಪ್ ಆಗಿದೆ ಎಂಬ ಲೆಕ್ಕ ಇಡುವ ಕೆಟಲಾಗ್ ಡೇಟಾಬೇಸ್‌ನ ಟೇಬಲ್‌ಗಳೂ ಬದಲಾಗಿರುತ್ತವೆ. ಹಿಂದೆ ಹೋಗಬೇಕಾದರೆ ಹಳೆಯ ಕೆಟಲಾಗನ್ನೂ ವಾಪಸ್ ತರಬೇಕು. ಕಾರಣ ಗೊತ್ತಿಲ್ಲದೆ ಅಷ್ಟು ದೊಡ್ಡ ಹೆಜ್ಜೆ ಇಡುವುದು ಸರಿಯಲ್ಲ.

ಆ ನಂಬರ್ ನೋಡಿ. ಪ್ರತಿ ಸರ್ವರ್‌ನಲ್ಲೂ ಅದೇ 1213486160. ಡೇಟಾ ಕೆಟ್ಟಿದ್ದರೆ ಒಂದೊಂದು ಸಲ ಒಂದೊಂದು ನಂಬರ್ ಬರಬೇಕಲ್ವಾ? ಬಕುಲಾ ತನಗೆ ಬರುವ ಪ್ರತಿ ಸಂದೇಶದ ಮೊದಲ ನಾಲ್ಕು ಬೈಟ್‌ಗಳನ್ನು ಸಂದೇಶದ ಉದ್ದ ಎಂದು ಓದುತ್ತದೆ. ಹಾಗಾದರೆ ಈ ನಂಬರ್ ನಾಲ್ಕು ಬೈಟ್‌ಗಳಲ್ಲಿ ಹೇಗಿರುತ್ತದೆ ಎಂದು ಬಿಡಿಸಿ ನೋಡಿದೆ. ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದ ಎಣಿಕೆಯಲ್ಲಿ) 48, 54, 54, 50. ಅಕ್ಷರ ಮಾಡಿದರೆ ಎಚ್, ಟಿ, ಟಿ, ಪಿ. ಡೈರೆಕ್ಟರ್ ಮಾತಾಡುತ್ತಿದ್ದದ್ದು ಫೈಲ್ ಡೀಮನ್ ಜೊತೆ ಅಲ್ಲವೇ ಅಲ್ಲ. ಒಂದು ವೆಬ್ ಸರ್ವರ್ ಜೊತೆ! "ನಾನು ಡೈರೆಕ್ಟರ್" ಎಂದು ಅದು ಹೇಳಿದ್ದಕ್ಕೆ ಆ ಕಡೆಯಿಂದ "ಎಚ್‌ಟಿಟಿಪಿ, 400, ತಪ್ಪು ವಿನಂತಿ" ಎಂಬ ಉತ್ತರ ಬರುತ್ತಿತ್ತು. ಅದರ ಮೊದಲ ನಾಲ್ಕು ಅಕ್ಷರಗಳನ್ನೇ ಡೈರೆಕ್ಟರ್ ಉದ್ದ ಎಂದು ಓದುತ್ತಿತ್ತು. ಈ ಕೆಲಸದಲ್ಲಿ ನನಗೆ ತುಂಬಾ ಖುಷಿ ಕೊಡುವ ಗಳಿಗೆ ಇಂಥದ್ದೇ. ನೀವು ಬೇರೆ ಯಾವುದಾದರೂ ಸಾಫ್ಟ್‌ವೇರ್‌ನ ಲಾಗ್‌ನಲ್ಲಿ 1213486160 ನೋಡಿದರೂ ಮೊದಲು ಇದನ್ನೇ ಅನುಮಾನಿಸಿ.

ವೆಬ್ ಪುಟ ತರಿಸುವ ಕರ್ಲ್ ಕಮಾಂಡ್‌ನಿಂದ ಆ ಪೋರ್ಟ್‌ಗೆ ಹೋದರೆ ಎಕ್ಸ್‌ಪೋರ್ಟರ್‌ನ ಮೆಟ್ರಿಕ್ಸ್ ಪುಟ ನೀಟಾಗಿ ಬಂತು. ಆದರೆ ಅಪ್‌ಗ್ರೇಡ್ ತಂಡ ಪೋರ್ಟ್ ಪರೀಕ್ಷೆ ಮಾಡಿತ್ತು. ಬಳಕೆಯಲ್ಲಿರುವ ಪೋರ್ಟ್‌ಗಳನ್ನು ಪಟ್ಟಿ ಮಾಡುವ ಎಸ್‌ಎಸ್ ಕಮಾಂಡ್ ಕೊಟ್ಟು ನೋಡಿದಾಗ "ಬಕುಲಾ ಎಫ್‌ಡಿ" (ಎಫ್‌ಡಿ ಅಂದರೆ ಫೈಲ್ ಡೀಮನ್) ಎಂಬ ಸಾಲು ಕಂಡಿತ್ತಂತೆ. ಕಂಡಿದ್ದು ನಿಜವೇ. ಇಟಿಸಿ ಡೈರೆಕ್ಟರಿಯ ಸರ್ವಿಸಸ್ ಫೈಲ್‌ನಲ್ಲಿ 9102ಕ್ಕೆ ಆ ಹೆಸರು ಬರೆದಿದೆ. ಎನ್ ಆಯ್ಕೆ ಇಲ್ಲದೆ ಎಸ್‌ಎಸ್ ಕೊಟ್ಟರೆ ಅದು ನಂಬರ್ ಬದಲು ಆ ಫೈಲ್‌ನ ಹೆಸರನ್ನೇ ತೋರಿಸುತ್ತದೆ. ಅಲ್ಲಿ ಯಾವ ಪ್ರೋಗ್ರಾಂ ಕೂತಿದೆ ಎಂಬುದಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ಹಾಗಾಗಿ ನಾನು ಯಾವಾಗಲೂ ಎಲ್, ಟಿ, ಎನ್, ಪಿ ನಾಲ್ಕೂ ಆಯ್ಕೆ ಸೇರಿಸಿ, ರೂಟ್ (ಪೂರ್ತಿ ಅಧಿಕಾರವಿರುವ ಬಳಕೆದಾರ) ಆಗಿಯೇ ಕೊಡುತ್ತೇನೆ. ರೂಟ್ ಅಲ್ಲದಿದ್ದರೆ ಬೇರೆಯವರ ಪ್ರೋಗ್ರಾಂಗಳ ಹೆಸರು ಕಾಣುವುದಿಲ್ಲ. ಹಲವರ ಸರ್ವರ್‌ನಲ್ಲಿ ನಮಗೆ ಬೇಕಾಗಿರುವುದೇ ಆ ಹೆಸರು.

ಇನ್ನೂ ಒಂದು ಪ್ರಶ್ನೆ ಉಳಿದಿತ್ತು. ಈ ಸರ್ವರ್‌ಗಳಲ್ಲಿ ಎಕ್ಸ್‌ಪೋರ್ಟರ್ ಎಲ್ಲಾ ವಿಳಾಸಗಳಲ್ಲೂ 9102 ಕೇಳುವ ಹಾಗಿತ್ತು. ಹಾಗಿದ್ದರೆ ಅಪ್‌ಗ್ರೇಡ್‌ಗೆ ಮುಂಚೆ ಎರಡೂ ಹೇಗೆ ನಡೆಯುತ್ತಿದ್ದವು? ಮಾನಿಟರಿಂಗ್ ತಂಡದ ಹುಡುಗನನ್ನು ಕೇಳಿದೆ.

"ನಡೀತಾ ಇರಲಿಲ್ಲ ಸರ್," ಅಂದ. "ಈ ಮಷೀನ್‌ಗಳಿಂದ ಡೇಟಾ ಬರ್ತಿಲ್ಲ ಅಂತ ನಮ್ಮಲ್ಲಿ ಹಳೇ ಟಿಕೆಟ್ ಇದೆ. ಅಪ್‌ಗ್ರೇಡ್ ಆದ ಮೇಲೆ ತಾನಾಗೇ ಸರಿಹೋಯ್ತು, ಕ್ಲೋಸ್ ಮಾಡಿದ್ವಿ."

ಅಲ್ಲಿಗೆ ಎಲ್ಲಾ ಸ್ಪಷ್ಟವಾಯಿತು. ಎಕ್ಸ್‌ಪೋರ್ಟರ್ ಶುರುವಾಗುವುದು, ಪೋರ್ಟ್ ಸಿಗದೆ ಸಾಯುವುದು, ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಅದನ್ನು ಮತ್ತೆ ಎಬ್ಬಿಸುವುದು, ಹೀಗೇ ನಡೆದಿತ್ತು. ಬಸ್ಸಿನಲ್ಲಿ ಎದ್ದವರ ಸೀಟಿಗೆ ಟವೆಲ್ ಹಾಕಲು ಕಾದು ನಿಂತವರ ಹಾಗೆ. ಅಪ್‌ಗ್ರೇಡ್ ಮಾಡುವಾಗ ಫೈಲ್ ಡೀಮನ್ ಸ್ವಲ್ಪ ಹೊತ್ತು ನಿಂತಿತು. ಅಷ್ಟರಲ್ಲಿ ಎಕ್ಸ್‌ಪೋರ್ಟರ್ ಬಂದು ಕೂತಿತು. ಹೊಸ ಫೈಲ್ ಡೀಮನ್ ಬಂದಾಗ ಜಾಗವಿಲ್ಲ. ಪೋರ್ಟ್ ಸಿಗದಿದ್ದರೆ ಅದು ಕೂಡಲೇ ನಿಲ್ಲುವುದಿಲ್ಲ, ಕೆಲ ಹೊತ್ತು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಆ ಹೊತ್ತಿನಲ್ಲಿ ಸ್ಟೇಟಸ್ ಕೇಳಿದರೆ "ರನ್ನಿಂಗ್" ಎಂದೇ ಬರುತ್ತದೆ. ಟಿ ಆಯ್ಕೆ ಕೊಟ್ಟು ಕಾನ್ಫಿಗರೇಷನ್ ಪರೀಕ್ಷೆ ಮಾಡಿದರೂ ಸರಿ ಎಂದೇ ಬರುತ್ತದೆ, ಅದು ಫೈಲಿನ ಬರವಣಿಗೆಯನ್ನು ಮಾತ್ರ ನೋಡುತ್ತದೆ.

ಈಗ ಯಾರು ಜಾಗ ಬಿಡಬೇಕು? ಆ ರಾತ್ರಿಯ ಬ್ಯಾಕಪ್ ತಪ್ಪಬಾರದು, ಬೇರೆ ತಂಡದ ಸರ್ವಿಸನ್ನು ಹೇಳದೆ ಕೇಳದೆ ನಾನು ಮುಟ್ಟುವ ಹಾಗೂ ಇಲ್ಲ. ಹಾಗಾಗಿ ಮೊದಲು ನಮ್ಮದನ್ನೇ ಸರಿಸಿದೆ. ಆ ಸರ್ವರ್‌ಗಳಲ್ಲಿ ಫೈಲ್ ಡೀಮನ್‌ನ ಎಫ್‌ಡಿ ಪೋರ್ಟ್ 19102 ಎಂದು ಬರೆದೆ. ಡೈರೆಕ್ಟರ್ ಕಡೆ ಆಯಾ ಕ್ಲೈಂಟ್‌ನಲ್ಲೂ ಅದನ್ನೇ ಹಾಕಿದೆ. ಫೈರ್‌ವಾಲ್‌ನಲ್ಲಿ ಡೈರೆಕ್ಟರ್ ವಿಳಾಸಕ್ಕೆ ಮಾತ್ರ ಆ ಪೋರ್ಟ್ ತೆರೆದೆ. ಸ್ಟೋರೇಜ್ ಕಡೆ ಏನೂ ಮುಟ್ಟಬೇಕಾಗಲಿಲ್ಲ, ಅಲ್ಲಿಗೆ ಕರೆ ಹೋಗುವುದು ಫೈಲ್ ಡೀಮನ್‌ನಿಂದಲೇ ತಾನೇ. ನಂಬರ್ ಆರಿಸುವಾಗ 9100ರ ಸಾಲನ್ನು ಪೂರ್ತಿ ಬಿಟ್ಟೆ, ಅಲ್ಲಿ ಎಕ್ಸ್‌ಪೋರ್ಟರ್‌ಗಳು ತುಂಬಿಕೊಂಡಿವೆ. 32768ಕ್ಕಿಂತ ಮೇಲಕ್ಕೂ ಹೋಗಲಿಲ್ಲ. ಲಿನಕ್ಸ್ ತಾನು ಹೊರಗೆ ಹೋಗುವ ಕನೆಕ್ಷನ್‌ಗಳಿಗೆ ಸಾಮಾನ್ಯವಾಗಿ 32768ರಿಂದ 60999ರವರೆಗಿನ ಪೋರ್ಟ್ ತೆಗೆದುಕೊಳ್ಳುತ್ತದೆ. ಅಲ್ಲಿ ಸರ್ವಿಸ್ ಇಟ್ಟರೆ ಯಾವಾಗಲೋ ಒಂದು ದಿನ ಅದೇ ನಂಬರ್ ಬೇರೆಯವರ ಕೈಯಲ್ಲಿರುತ್ತದೆ. ಅಂಥ ಡಿಕ್ಕಿಯನ್ನು ಹುಡುಕುವುದು ಇನ್ನೂ ಕಷ್ಟ.

ಆದರೆ ಅದನ್ನು ಶಾಶ್ವತವಾಗಿ ಬಿಡಲು ನನಗೆ ಇಷ್ಟವಿರಲಿಲ್ಲ. ಬ್ಯಾಕಪ್ ಸಾಫ್ಟ್‌ವೇರ್ ತನ್ನ ಮೂಲ ಪೋರ್ಟ್‌ನಲ್ಲೇ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನೋಂದಣಿಯ ಹಕ್ಕಿನ ಮಾತಲ್ಲ ಇದು. ಸರ್ವರ್ ಪೂರ್ತಿ ಹೋದ ದಿನ ಖಾಲಿ ಮಷೀನಿನ ಮೇಲೆ ಫೈಲ್ ಡೀಮನ್ ಹಾಕಿ ಡೇಟಾ ವಾಪಸ್ ತರುವವರು ನಾನೇ ಆಗಿರಬೇಕೆಂದಿಲ್ಲ. ಅವರ ಕೈಯಲ್ಲಿ ಇರುವುದು ಬಕುಲಾದ ಕೈಪಿಡಿ, ಅದರಲ್ಲಿ 9102 ಎಂದಿರುತ್ತದೆ. ನಮ್ಮ ವಿಶೇಷ ನಂಬರ್ ಬರೆದ ಫೈಲ್, ಸತ್ತ ಸರ್ವರ್‌ನ ಒಳಗೇ ಉಳಿದಿರುತ್ತದೆ. ಎಕ್ಸ್‌ಪೋರ್ಟರ್ ಒಂದು ಗಂಟೆ ನಿಂತರೆ ಗ್ರಾಫ್‌ನಲ್ಲಿ ಒಂದು ಖಾಲಿ ಜಾಗ ಕಾಣುತ್ತದೆ ಅಷ್ಟೇ. ಇದನ್ನು ಮಾನಿಟರಿಂಗ್ ತಂಡಕ್ಕೆ ಹೇಳಿದೆ. ಅವರು ತಕ್ಷಣ ಒಪ್ಪಿದರು, ಎಕ್ಸ್‌ಪೋರ್ಟರ್‌ಗೆ ಬೇರೆ ಪೋರ್ಟ್ ಕೊಟ್ಟು ಪ್ರೊಮೀಥಿಯಸ್‌ನಲ್ಲೂ ಬದಲಿಸಿದರು. ಆಮೇಲೆ ಫೈಲ್ ಡೀಮನ್‌ಗಳನ್ನು 9102ಕ್ಕೆ ವಾಪಸ್ ತಂದೆ.

ಇಂಥ ಡಿಕ್ಕಿ ಬಕುಲಾಗೆ ಮಾತ್ರ ಅಲ್ಲ. ಬ್ಯಾಕಪ್ ಎಕ್ಸೆಕ್‌ನ ಏಜೆಂಟ್ 10000 ಬಳಸುತ್ತದೆ, ಬ್ರೌಸರ್‌ನಿಂದ ಸರ್ವರ್ ನಿರ್ವಹಿಸುವ ವೆಬ್‌ಮಿನ್ ಕೂಡ ಅದೇ 10000. ವೀಮ್ ಎಂಬ ಇನ್ನೊಂದು ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಡೇಟಾ ಸಾಗಿಸಲು 2500ರಿಂದ ಶುರುವಾಗುವ ಒಂದು ದೊಡ್ಡ ಸಾಲೇ ಇದೆ. ಹತ್ತನೇ ಆವೃತ್ತಿಯಿಂದ ಹೊಸದಾಗಿ ಹಾಕಿಕೊಂಡರೆ ಅದು 3300ಕ್ಕೆ ಮುಗಿಯುತ್ತದೆ. ಹಳೆಯದರಿಂದ ಅಪ್‌ಗ್ರೇಡ್ ಆಗಿ ಬಂದಿದ್ದರೆ, ಮೊದಲೇ ಸೇರಿಸಿದ್ದ ಸರ್ವರ್‌ಗಳಿಗೆ 5000ದವರೆಗೂ ಇರುತ್ತದೆ. ಮೈಎಸ್‌ಕ್ಯುಎಲ್‌ನ 3306, ರಿಮೋಟ್ ಡೆಸ್ಕ್‌ಟಾಪ್‌ನ 3389 ಎರಡೂ ಆ ಹಳೆಯ ಸಾಲಿನ ಒಳಗೇ ಬರುತ್ತವೆ.

ಈಗ ನಮ್ಮಲ್ಲಿ ಬ್ಯಾಕಪ್ ಅಪ್‌ಗ್ರೇಡ್‌ಗೆ ಮುಂಚೆ ಪ್ರತಿ ಸರ್ವರ್‌ನ ಎಸ್‌ಎಸ್ ಪಟ್ಟಿಯನ್ನು ಒಂದು ಫೈಲಿಗೆ ಉಳಿಸುತ್ತೇವೆ, ಮುಗಿದ ಮೇಲೆ ಇನ್ನೊಮ್ಮೆ ತೆಗೆದು ಎರಡನ್ನೂ ಹೋಲಿಸುತ್ತೇವೆ. ಪದೇ ಪದೇ ಬಿದ್ದು ಏಳುತ್ತಿರುವ ಸರ್ವಿಸ್ ಇದೆಯಾ ಎಂದೂ ನೋಡುತ್ತೇವೆ, ಏಕೆಂದರೆ ಪಟ್ಟಿಯಲ್ಲಿ ಕಾಣದೆ ಕಾಯುತ್ತಿರುವುದು ಅದೇ. ಪೋರ್ಟ್‌ಗಳ ಲೆಕ್ಕ ಎಲ್ಲಾ ತಂಡಗಳೂ ತಿದ್ದಬಹುದಾದ ಒಂದೇ ಕಡತದಲ್ಲಿದೆ, ವಿಳಾಸದ ಸಮೇತ. ಕೊನೆಗೆ ಬಕುಲಾದ ಕಮಾಂಡ್ ಕನ್ಸೋಲ್ ಆದ ಬಿಕನ್ಸೋಲ್‌ನಿಂದ ಪ್ರತಿ ಕ್ಲೈಂಟ್‌ನ ಸ್ಟೇಟಸ್ ಕೇಳಿ, ಒಂದು ಸಣ್ಣ ಫೋಲ್ಡರ್ ಬ್ಯಾಕಪ್ ಮಾಡಿ, ಅದರಿಂದ ಒಂದು ಫೈಲ್ ವಾಪಸ್ ತೆಗೆದು ತೆರೆದು ನೋಡಿದ ಮೇಲೆಯೇ "ಆಯ್ತು" ಎಂಬ ಮೇಲ್ ಹೋಗುತ್ತದೆ.