ಎಕ್ಸೆಲ್‌ನಲ್ಲಿ ಡೂಪ್ಲಿಕೇಟ್ ಕಣ್ಣಿಗೆ ಕಾಣ್ತಿದ್ರೂ ಡಿಲೀಟ್ ಆಗ್ತಿರ್ಲಿಲ್ಲ, ಕೊನೆಗೆ ಹೀಗೆ ಹೋಯ್ತು

ನಮ್ಮ ಸಂಘದ ಸದಸ್ಯರ ಪಟ್ಟಿ, ಸುಮಾರು 640 ಸಾಲು. ಒಂದೇ ಮೊಬೈಲ್ ನಂಬರ್ ಎರಡೆರಡು ಸಲ ಇದೆ, ಆದ್ರೆ ರಿಮೂವ್ ಡೂಪ್ಲಿಕೇಟ್ಸ್ ಒತ್ತಿದ್ರೆ ಒಂದೂ ಸಿಕ್ಕಿಲ್ಲ ಅಂತಿತ್ತು. ಡೂಪ್ಲಿಕೇಟ್‌ಗೆ ಬಣ್ಣ ಹಚ್ಚೋ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕ್ದೆ, ಬಣ್ಣ ಬರ್ಲಿಲ್ಲ. ಜಾಸ್ತಿ ಇರೋ ಸ್ಪೇಸ್ ತೆಗೆಯೋ ಟ್ರಿಮ್ (TRIM) ಫಾರ್ಮುಲಾ ಹಾಕ್ದೆ, ಅದೂ ಆಗ್ಲಿಲ್ಲ.

ಅಕ್ಷರ ಎಣಿಸೋ ಲೆನ್ (LEN) ಫಾರ್ಮುಲಾ ಹಾಕಿ ನೋಡಿದಾಗ ಗೊತ್ತಾಯ್ತು, ಒಂದ್ರಲ್ಲಿ 10 ಅಕ್ಷರ, ಇನ್ನೊಂದ್ರಲ್ಲಿ 11. ವೆಬ್‌ಪೇಜಿಂದ ಕಾಪಿ ಮಾಡಿದ ನಂಬರ್ ಜೊತೆ ಬರೋ ನಾನ್ ಬ್ರೇಕಿಂಗ್ ಸ್ಪೇಸ್ ಅದು, ಅಂದ್ರೆ ಮಾಮೂಲಿ ಸ್ಪೇಸ್ ಥರಾನೇ ಕಾಣೋ ಬೇರೆ ಅಕ್ಷರ, ಕೋಡ್ 160. ಟ್ರಿಮ್ ತೆಗೆಯೋದು ಮಾಮೂಲಿ ಸ್ಪೇಸ್ ಅಂದ್ರೆ ಕೋಡ್ 32 ಮಾತ್ರ, ಇದನ್ನ ಮುಟ್ಟೋದೇ ಇಲ್ಲ.

ಪಕ್ಕದಲ್ಲಿ ಖಾಲಿ ಕಾಲಂ ಮಾಡಿ ಒಂದು ಅಕ್ಷರದ ಬದಲು ಇನ್ನೊಂದು ಹಾಕೋ ಸಬ್‌ಸ್ಟಿಟ್ಯೂಟ್ ಫಾರ್ಮುಲಾ ಹಾಕಿ: ಮೊದಲು ನಂಬರ್ ಇರೋ ಸೆಲ್, ಆಮೇಲೆ ಯುನಿಕ್ಯಾರ್ 160, ಆಮೇಲೆ ಖಾಲಿ ಡಬಲ್ ಕೋಟ್ಸ್, ಇಷ್ಟನ್ನೂ ಟ್ರಿಮ್ ಒಳಗೆ ಸುತ್ತಿ ಕೆಳಗಿನ ತನಕ ಎಳೀರಿ. ನಂಬರ್ A2 ಸೆಲ್‌ನಲ್ಲಿದ್ರೆ ಹೀಗೆ: =TRIM(SUBSTITUTE(A2,UNICHAR(160),"")). ಕಾಪಿ ಮಾಡಿ ಹಳೇ ಕಾಲಂ ಮೇಲೆ ಪೇಸ್ಟ್ ಸ್ಪೆಷಲ್‌ನಲ್ಲಿ ವ್ಯಾಲ್ಯೂಸ್ ಅಂತ ಪೇಸ್ಟ್ ಮಾಡಿ.

ಈಗ್ಲೇ ರಿಮೂವ್ ಒತ್ಬೇಡಿ! ಅದು ಮೇಲಿರೋ ಸಾಲು ಉಳಿಸಿ ಕೆಳಗಿಂದು ಅಳಿಸತ್ತೆ, ಅದಕ್ಕೆ ಮೊದಲು ಪೂರ್ತಿ ಪಟ್ಟಿನ ತಾರೀಖಿನ ಮೇಲೆ ಹೊಸದು ಮೇಲೆ ಬರೋ ಹಾಗೆ ಸಾರ್ಟ್ ಮಾಡಿ, ಶೀಟಿಂದ ಒಂದು ಕಾಪಿ ಇಟ್ಕೊಂಡು, ಆಮೇಲೆ ಡೇಟಾ ಟ್ಯಾಬ್, ರಿಮೂವ್ ಡೂಪ್ಲಿಕೇಟ್ಸ್, ಅನ್‌ಸೆಲೆಕ್ಟ್ ಆಲ್, ಮೊಬೈಲ್ ಕಾಲಂ ಒಂದಕ್ಕೇ ಟಿಕ್. ಹೆಸರಿಗೂ ಟಿಕ್ ಹಾಕಿದ್ರೆ ಇನಿಶಿಯಲ್ ಹಿಂದೆ ಮುಂದೆ ಇರೋವೆಲ್ಲ ಹಾಗೇ ಉಳ್ಕೊಳತ್ತೆ. ನಂದ್ರಲ್ಲಿ 71 ಸಾಲು ಹೋಯ್ತು.